ದಿನಕ್ಕೊಂದೇ ಫೋಟೋ: ಕಲಾವಿದರು ತಮ್ಮ ದಿನಗಳನ್ನು ಉಳಿಸಿಕೊಳ್ಳುವ ಬಗೆ

2019ರ ಮಳೆಗಾಲದಲ್ಲಿ ನಾನೊಂದು ದೊಡ್ಡ ಜಲವರ್ಣ ಚಿತ್ರ ಮಾಡಿದೆ. ಧಾರವಾಡದ ಹಂಚಿನ ಮನೆಗಳ ಸಾಲು, ಜಿಟಿಜಿಟಿ ಮಳೆ, ಕೆಂಪು ನೀರು ಹರಿಯುವ ಓಣಿ. ಮುಗಿಸಲು ಎರಡೂವರೆ ತಿಂಗಳು ಹಿಡಿಯಿತು. ಚಿತ್ರ ಮಾರಾಟವಾಗಿ ಹೋಯಿತು. ನನ್ನ ಹತ್ತಿರ ಉಳಿದದ್ದು ಒಂದೇ ಒಂದು ಫೋಟೋ, ಫ್ರೇಮ್ ಹಾಕಿಸಿದ ಮೇಲೆ ತೆಗೆದದ್ದು.

ಕೆಲವು ತಿಂಗಳಾದ ಮೇಲೆ ನನ್ನ ಹತ್ತಿರ ಚಿತ್ರ ಕಲಿಯಲು ಬರುವ ಹುಡುಗಿಯೊಬ್ಬಳು ಆ ಫೋಟೋ ನೋಡಿ ಕೇಳಿದಳು. "ಮಿಸ್, ಇದನ್ನ ಹೆಂಗ ಮಾಡಿದ್ರಿ?"

ನನಗೆ ಹೇಳಲು ಆಗಲಿಲ್ಲ. ನಾಲ್ಕು ಹಾಳೆ ಹರಿದು ಹಾಕಿದ್ದು ನೆನಪಿತ್ತು. ಆಕಾಶದ ಬೂದು ಬಣ್ಣ ಕೂಡಿಬರದೆ ಸುಮ್ನೆ ಕೂತ ದಿನಗಳಿದ್ದವು. ಮಗಳಿಗೆ ಜ್ವರ ಬಂದು ಒಂದು ವಾರ ಬ್ರಷ್ ಮುಟ್ಟಿರಲಿಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ, ಆ ಬೂದು ಬಣ್ಣ ಕೊನೆಗೆ ಹೇಗೆ ಸಿಕ್ಕಿತು, ಒಂದೂ ಸ್ಪಷ್ಟವಿರಲಿಲ್ಲ. ಚಿತ್ರ ಉಳಿದಿತ್ತು, ಅದನ್ನು ಮಾಡಿದ ದಿನಗಳು ಹೋಗಿಬಿಟ್ಟಿದ್ದವು.

2020ರ ಜನವರಿ 1ರಿಂದ ದಿನಕ್ಕೊಂದು ಫೋಟೋ ತೆಗೆಯಲು ಶುರು ಮಾಡಿದೆ. ಮಧ್ಯೆ ಬಿಟ್ಟಿದ್ದೇನೆ, ಕಳಕೊಂಡಿದ್ದೇನೆ, ಮತ್ತೆ ಹಿಡಿದಿದ್ದೇನೆ. ಚಿತ್ರ ಬರೆಯುವವರು, ಹಾಡುವವರು, ವೇಷ ಹಾಕುವವರು, ಮಣ್ಣು ಮುಟ್ಟುವವರು, ಮಗ್ಗದ ಮುಂದೆ ಕೂರುವವರು ಯಾರು ಬೇಕಾದರೂ ಇದನ್ನು ಮಾಡಬಹುದು. ಕೈಯಲ್ಲಿರುವ ಫೋನೇ ಸಾಕು. ಇಲ್ಲಿ ಬರೆದಿರುವುದೆಲ್ಲ ಮಾಡಿ ನೋಡಿ ಕಲಿತದ್ದು.

ಮೊದಲು ಒಬ್ಬರ ಕತೆ

ಈ ಅಭ್ಯಾಸದ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಜೇಮಿ ಲಿವಿಂಗ್‌ಸ್ಟನ್ ಬಗ್ಗೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1979ರ ಮಾರ್ಚ್ 31ರಂದು ಅವರು ಪೋಲರಾಯ್ಡ್ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದರು. ಆಮೇಲೆ ದಿನಕ್ಕೊಂದು. ಮುಂದೆ ಸಿನಿಮಾ ಛಾಯಾಗ್ರಹಣ ಅವರ ವೃತ್ತಿಯಾಯಿತು. ಅಕಾರ್ಡಿಯನ್ ನುಡಿಸುತ್ತಿದ್ದರು, ಸರ್ಕಸ್ಸಿನ ಹುಚ್ಚೂ ಇತ್ತು. ಇಷ್ಟೆಲ್ಲದರ ನಡುವೆ ದಿನದ ಫೋಟೋ ನಿಲ್ಲಲಿಲ್ಲ. ಕೊನೆಯ ಫೋಟೋ 1997ರ ಅಕ್ಟೋಬರ್ 25ರದು. ಅದು ಅವರ 41ನೇ ಹುಟ್ಟುಹಬ್ಬ. ಕ್ಯಾನ್ಸರ್‌ನಿಂದ ಅವರು ತೀರಿಕೊಂಡದ್ದೂ ಅದೇ ದಿನ.

ಹದಿನೆಂಟೂವರೆ ವರ್ಷ, 6000ಕ್ಕೂ ಜಾಸ್ತಿ ಫೋಟೋಗಳು. ಅವನ್ನು ಸಾಲಾಗಿ ನೋಡುತ್ತಾ ಹೋದರೆ ಊಟದ ತಟ್ಟೆ ಬರುತ್ತದೆ, ಗೆಳೆಯರು, ಬೀದಿ, ಶೂಟಿಂಗ್ ಜಾಗ, ಕೊನೆಗೆ ಆಸ್ಪತ್ರೆ. ಬಹಳಷ್ಟು ಫೋಟೋಗಳಲ್ಲಿ ವಿಶೇಷ ಏನೂ ಇಲ್ಲ. ಒಂದು ಖಾಲಿ ಕೋಣೆ, ಒಂದು ಕಿಟಕಿ. ಆದರೂ ಕಣ್ಣು ತೆಗೆಯಲು ಆಗುವುದಿಲ್ಲ.

ಅವರು ಬಳಸಿದ್ದು ಎಸ್‌ಎಕ್ಸ್-70 ಎಂಬ ಕ್ಯಾಮೆರಾ. ಗುಂಡಿ ಒತ್ತಿದರೆ ಹಾಳೆ ಹೊರಗೆ ಬರುತ್ತದೆ, ಕೆಲವು ನಿಮಿಷಗಳಲ್ಲಿ ಚಿತ್ರ ಮೂಡುತ್ತದೆ. ನೆಗೆಟಿವ್ ಇಲ್ಲ, ಇನ್ನೊಂದು ಪ್ರತಿಯೂ ಇಲ್ಲ. ಒಂದು ಪ್ಯಾಕಿಗೆ 10 ಫೋಟೋ ಮಾತ್ರ, ಬೆಲೆಯೂ ಜಾಸ್ತಿ. ಹಾಗಾಗಿ ಇಪ್ಪತ್ತು ಸಲ ಒತ್ತಿ ಒಳ್ಳೆಯದನ್ನು ಆರಿಸುವ ಮಾತೇ ಇಲ್ಲ. ನಮ್ಮ ಫೋನಿನಲ್ಲಿ ಆ ಕಟ್ಟುಪಾಡು ಇಲ್ಲ. ಅದನ್ನು ನಾವೇ ಹಾಕಿಕೊಳ್ಳಬೇಕು.

ಹೆಜ್ಜೆ 1: ಒಂದೇ ಒಂದು ಅಂತ ನಿಯಮ ಮಾಡಿಕೊಳ್ಳಿ

ಶುರುವಿನಲ್ಲಿ ನಾನು ದಿನಕ್ಕೆ ಹತ್ತು ಹದಿನೈದು ತೆಗೆಯುತ್ತಿದ್ದೆ. ರಾತ್ರಿ ಕೂತು ಒಂದನ್ನು ಆರಿಸಬೇಕು ಅಂದುಕೊಳ್ಳುತ್ತಿದ್ದೆ. ಮೂರೇ ವಾರಕ್ಕೆ ಬೇಸರ ಬಂತು. ಫೋಟೋ ತೆಗೆಯುವುದಕ್ಕಿಂತ ಆರಿಸುವುದೇ ದೊಡ್ಡ ಕೆಲಸವಾಯಿತು. ಆಮೇಲೆ ನಿಯಮ ಬದಲಿಸಿದೆ: ಒಂದು ಸಲ ಒತ್ತುವುದು, ಬಂದದ್ದು ಬಂತು. ಮಸುಕಾದರೆ ಆ ದಿನ ಮಸುಕು. ಕಣ್ಣು ಮುಚ್ಚಿದ್ದರೆ ಹಾಗೇ ಇರಲಿ.

ಹೀಗೆ ಮಾಡಿದರೆ ಎರಡು ಲಾಭ. ಒಂದು, ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಹಾಗಾಗಿ ವರ್ಷಗಟ್ಟಲೆ ನಡೆಯುತ್ತದೆ. ಎರಡನೆಯದು ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಒಂದೇ ಸಲ ಅಂದಾಗ ಒತ್ತುವ ಮುಂಚೆ ನೋಡುತ್ತೀರಿ. ಇವತ್ತಿನದು ಯಾವುದು ಅಂತ ಒಂದು ಕ್ಷಣ ಯೋಚಿಸುತ್ತೀರಿ.

ಹೆಜ್ಜೆ 2: ಏನನ್ನು ತೆಗೆಯಬೇಕು

ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಎಲ್ಲರೂ ಎಡವುವುದು ಇಲ್ಲೇ.

ಕಲಾವಿದರಿಗೆ ಫೋಟೋ ತೆಗೆಯಿರಿ ಅಂದರೆ ಮುಗಿದ ಕೆಲಸದ ಫೋಟೋ ತೆಗೆಯುತ್ತಾರೆ. ಅದು ಬೇಕು, ಆದರೆ ಅದು ಬೇರೆ ಕೆಲಸ. ಮಾರಾಟಕ್ಕೆ, ಅರ್ಜಿಗೆ, ಪ್ರದರ್ಶನಕ್ಕೆ ಅದನ್ನು ಬೇರೆಯಾಗಿ, ಚೆನ್ನಾಗಿ ತೆಗೆಯಿರಿ. ದಿನದ ಫೋಟೋ ದಿನದ್ದಾಗಿರಬೇಕು. ಕೆಲಸ ನಡೆದಿದ್ದರೆ ಕೆಲಸ, ನಡೆಯದಿದ್ದರೆ ನಡೆಯದ್ದು.

ನಾನು ಜಲವರ್ಣದವಳು. ನನ್ನ ದಿನದಲ್ಲಿ ಚಿತ್ರ ಬರೆಯುವ ಹೊತ್ತು ಒಂದೂವರೆ ಗಂಟೆ ಇದ್ದರೆ ಹೆಚ್ಚು. ಉಳಿದದ್ದು ಹಾಳೆ ನೆನೆಸಿ ಬೋರ್ಡಿಗೆ ಟೇಪ್ ಹಚ್ಚುವುದು, ಮೊದಲ ವಾಶ್, ಅಂದರೆ ತೆಳು ಬಣ್ಣದ ಪದರ, ಒಣಗಲಿ ಅಂತ ಕಾಯುವುದು, ನೀರು ಚೆಲ್ಲಿ ಮತ್ತೆ ತರುವುದು, ಫ್ರೇಮ್ ಅಂಗಡಿಯಲ್ಲಿ ಬೆಂಚಿನ ಮೇಲೆ ಕೂರುವುದು. ಕಾಯುವಾಗ ಅಕ್ಕಿ ಆರಿಸುತ್ತೇನೆ. 2020ರ ಏಪ್ರಿಲ್‌ನ ನನ್ನ ಫೋಟೋಗಳಲ್ಲಿ ಹಳೆಯ ಚಿತ್ರಗಳ ಹಿಂಬದಿಯೇ ಜಾಸ್ತಿ. ಲಾಕ್‌ಡೌನ್ ಆಗಿ ಅಂಗಡಿಗಳೆಲ್ಲ ಮುಚ್ಚಿದ್ದವು, ಒಳ್ಳೆಯ ಹಾಳೆ ಮುಗಿದಿತ್ತು, ಹಳೆಯದನ್ನೇ ತಿರುಗಿಸಿ ಬರೆದೆ. ಫೋಟೋ ಇಲ್ಲದಿದ್ದರೆ ಇದನ್ನು ಮರೆತೇಬಿಡುತ್ತಿದ್ದೆ.

ಬೇರೆ ಕಲೆಗಳಲ್ಲಿ ಇಂಥ ಕ್ಷಣಗಳು ಇನ್ನೂ ಚೆಂದ. ಬೀದರಿನ ಬಿದರಿ ಕೆಲಸ ತೆಗೆದುಕೊಳ್ಳಿ. ಸತು, ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಕೆತ್ತಬೇಕಾದ ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಸವರಿ ಸ್ವಲ್ಪ ಹೊತ್ತಿಗೆ ಕಪ್ಪು ಮಾಡಿಕೊಳ್ಳುತ್ತಾರೆ. ಉಳಿಯಿಂದ ಕೆತ್ತಿ, ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಬೆಳ್ಳಿಯೂ ಮೈಯೂ ಒಂದೇ ಬಿಳಿ, ಕೆಲಸವೇ ಕಾಣುವುದಿಲ್ಲ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮಾಡಿ ಹಚ್ಚಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಹೊಳೆದು ನಿಲ್ಲುತ್ತದೆ. ಅಂಗಡಿಯಲ್ಲಿ ನಾವು ನೋಡುವುದು ಆ ಕೊನೆಯ ರೂಪ ಮಾತ್ರ. ಬೆಳ್ಳಿ ಕಾಣದೆ ಅಡಗಿದ್ದ ದಿನದ ಫೋಟೋ ಯಾರ ಹತ್ತಿರ ಇದೆ? ಆ ಕೆಲಸಗಾರರ ಮನೆಯಲ್ಲಾದರೂ ಇರಬೇಕು ಅಂತ ನನ್ನ ಆಸೆ.

ಯಕ್ಷಗಾನದವರಾದರೆ ರಂಗಸ್ಥಳದ ಫೋಟೋ ಪ್ರೇಕ್ಷಕರೇ ಸಾವಿರ ತೆಗೆದಿರುತ್ತಾರೆ. ನೀವು ಚೌಕಿಯ, ಅಂದರೆ ವೇಷ ಕಟ್ಟುವ ಕೋಣೆಯ, ಒಳಗಿನದನ್ನು ತೆಗೆಯಿರಿ. ಬಣ್ಣದ ವೇಷಕ್ಕೆ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಎಂಬ ಉಬ್ಬು ಚುಕ್ಕೆಗಳನ್ನು ಇಡಲು ಗಂಟೆಗಟ್ಟಲೆ ಬೇಕು. ಬೆಳಿಗ್ಗೆ ಎಣ್ಣೆ ಹಚ್ಚಿ ಬಣ್ಣ ಒರೆಸಿದಾಗ ಬಟ್ಟೆಯ ತುಂಡಿಗೆ ಅಂಟುವ ಕೆಂಪು ಕಪ್ಪು ಇದೆಯಲ್ಲ, ಅದೊಂದು ಫೋಟೋ. ಮಧ್ಯಾಹ್ನ ಬೇರೆ ಊರಿನ ಶಾಲೆಯ ಜಗಲಿಯಲ್ಲಿ ಮಲಗಿದ್ದು ಇನ್ನೊಂದು. ಮೇಳದ ತಿರುಗಾಟ ಮುಗಿದು ಮಳೆಗಾಲ ಬಂದ ಮೇಲೆ ಗದ್ದೆಗಿಳಿದ ದಿನವೂ ಕಲಾವಿದನ ದಿನವೇ. ಅದನ್ನು ಬಿಡಬೇಡಿ.

ಗಣಪತಿ ಮಾಡುವವರ ಮನೆಯಲ್ಲಿ ಚೌತಿಯ ಮರುದಿನದ ಖಾಲಿ ಹಲಗೆಗಳು. ಇಳಕಲ್ಲಿನ ಕುಣಿ ಮಗ್ಗದಲ್ಲಿ ಹೊಸ ಹಾಸು ಹೂಡುವ ದಿನ. ಸಂಗೀತದವರಿಗೆ ಗಂಟಲು ಕೆಟ್ಟು ಬಿಸಿನೀರು ಕುಡಿದ ಲೋಟ. ಹುಡುಕಿದರೆ ಎಲ್ಲರ ಹತ್ತಿರವೂ ಇಂಥದ್ದು ಸಿಗುತ್ತದೆ.

ಮೈಸೂರಿನ ಟಿ. ಎಸ್. ಸತ್ಯನ್ ಅವರ ಫೋಟೋಗಳನ್ನು ನೋಡಿದವರಿಗೆ ನಾನು ಹೇಳುತ್ತಿರುವುದು ಬೇಗ ಅರ್ಥವಾಗುತ್ತದೆ. ಸಾಮಾನ್ಯ ಜನ ತಮ್ಮ ಪಾಡಿಗೆ ತಾವಿದ್ದ ಗಳಿಗೆಗಳನ್ನು ಅವರು ಜೀವನಪೂರ್ತಿ ತೆಗೆದರು. ಅದೇ ಕಣ್ಣನ್ನು ನಮ್ಮ ಮೇಲೆ ನಾವೇ ಇಟ್ಟರೆ ಆಯಿತು.

ಹೆಜ್ಜೆ 3: ದಿನದ ಯಾವುದಾದರೂ ಕೆಲಸಕ್ಕೆ ಗಂಟು ಹಾಕಿ

"ಸಮಯ ಸಿಕ್ಕಾಗ ತೆಗೆಯುತ್ತೇನೆ" ಅಂದರೆ ಸಮಯ ಸಿಗುವುದಿಲ್ಲ. ಅಲಾರಂ ಇಟ್ಟು ನೋಡಿದೆ, ಅದು ಕೂಗಿದಾಗ ನಾನು ಬಸ್ಸಿನಲ್ಲೋ ಅಡುಗೆಮನೆಯಲ್ಲೋ ಇರುತ್ತಿದ್ದೆ. ಕೊನೆಗೆ ಹತ್ತಿದ್ದು ಈ ಉಪಾಯ: ಬ್ರಷ್ ತೊಳೆದ ನೀರು ಚೆಲ್ಲುವ ಮುಂಚೆ ಫೋಟೋ. ಆ ನೀರಿನ ಬಣ್ಣ ನೋಡಿದ ಕೂಡಲೇ ನೆನಪಾಗುತ್ತದೆ. ಬ್ರಷ್ ಮುಟ್ಟದ ದಿನ, ರಾತ್ರಿ ಫೋನ್ ಚಾರ್ಜಿಗೆ ಹಾಕುವ ಮುಂಚೆ.

ನಿಮ್ಮದನ್ನು ನೀವು ಹುಡುಕಿಕೊಳ್ಳಿ. ತಂಬೂರಿಗೆ ಗವಸು ಹಾಕುವಾಗ, ಗೆಜ್ಜೆ ಬಿಚ್ಚುವಾಗ, ಒದ್ದೆ ಮಣ್ಣಿಗೆ ಗೋಣಿತಾಟು ಮುಚ್ಚುವಾಗ. ದಿನಾ ತಪ್ಪದೆ ಮಾಡುವ ಕೆಲಸವಾಗಿರಬೇಕು, ಅಷ್ಟೇ.

ಮನೆಯವರು ಕೇಳುತ್ತಾರೆ. ನಮ್ಮ ಅತ್ತೆ ಒಂದು ತಿಂಗಳು ನೋಡಿ ಕೇಳಿದರು, "ದಿನಾ ಅದ ಮೇಜಿಂದು ಏನು ಫೋಟೋ ತಗೀತೀಯವಾ?" ಮೇಜು ಅದೇ, ದಿನ ಬೇರೆ ಅಂದೆ. ಈಗ ನಾನು ಮರೆತರೆ ಅವರೇ ನೆನಪಿಸುತ್ತಾರೆ.

ಹೆಜ್ಜೆ 4: ಫೋನನ್ನು ಸಿದ್ಧ ಮಾಡಿಕೊಳ್ಳಿ

ಒಂದು ಸಲ ಮಾಡಿಟ್ಟರೆ ಸಾಕು. ಮುಖ ನುಣುಪು ಮಾಡುವ ಬ್ಯೂಟಿ ಸೆಟ್ಟಿಂಗ್ ಇದ್ದರೆ ತೆಗೆದುಬಿಡಿ. ಅದು ಚರ್ಮದ ಸುಕ್ಕನ್ನಷ್ಟೇ ಅಲ್ಲ, ನಿಮ್ಮ ಬೆರಳಿಗೆ ಅಂಟಿದ ಬಣ್ಣದ ಕಲೆಯನ್ನೂ ಒರೆಸಿಬಿಡಬಹುದು. ಗ್ರಿಡ್ ಗೆರೆಗಳನ್ನು ಆನ್ ಮಾಡಿ, ಮೇಜು ಓರೆಯಾಗುವುದು ತಪ್ಪುತ್ತದೆ. ತಾರೀಕು ಫೋಟೋದ ಮೇಲೆ ಅಚ್ಚಾಗುವುದು ಬೇಡ. ಅದು ಫೈಲಿನ ಒಳಗೆ ಹೇಗೂ ದಾಖಲಾಗಿರುತ್ತದೆ.

ಲೆನ್ಸ್ ಒರೆಸಿ. ಚಿಕ್ಕ ವಿಷಯ ಅನಿಸಬಹುದು, ಆದರೆ ಬಣ್ಣದ ಕೈ, ಎಣ್ಣೆಯ ಕೈ, ಮಣ್ಣಿನ ಕೈ ನಮ್ಮದು. ಫೋಟೋ ಮಂಜು ಮಂಜಾಗಿ ಬರುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಅದೇ. ಮೆತ್ತಗಿನ ಹಳೆಯ ಹತ್ತಿ ಬಟ್ಟೆಯ ತುಂಡೊಂದನ್ನು ಇದಕ್ಕೇ ಇಟ್ಟುಕೊಳ್ಳಿ.

ಬೆಳಕಿಗೆ ಎರಡೇ ಮಾತು. ಕಿಟಕಿ ಪಕ್ಕಕ್ಕಿರಲಿ, ಬೆನ್ನ ಹಿಂದೆ ಬೇಡ. ಕಿಟಕಿಯ ಬೆಳಕು, ಹಳದಿ ಬಲ್ಬು ಎರಡೂ ಒಟ್ಟಿಗೆ ಇದ್ದರೆ ಒಂದು ಕಡೆ ನೀಲಿ, ಒಂದು ಕಡೆ ಹಳದಿ ಬರುತ್ತದೆ. ಬಣ್ಣ ಸರಿಯಾಗಿ ಕಾಣಬೇಕಾದರೆ ಬಲ್ಬು ಆರಿಸಿ.

ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋದಲ್ಲಿ ಕಪ್ಪು ಪಟ್ಟಿಗಳು ಬರುತ್ತವೆ, ನೋಡಿದ್ದೀರಾ? ನಮ್ಮ ಕರೆಂಟು 50 ಹರ್ಟ್ಸ್‌ನದು. ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಫೋನಿನಲ್ಲಿ ಸೆಟ್ಟಿಂಗ್‌ಗಳನ್ನು ನಾವೇ ಬದಲಿಸುವ ಪ್ರೊ ಮೋಡ್ ಇದ್ದರೆ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ, ಪಟ್ಟಿ ಹೋಗುತ್ತದೆ. ಚೆಂಡೆ ಬಾರಿಸುವ ಕೈ ಸ್ಪಷ್ಟವಾಗಿ ಬೇಕೆಂದರೆ ಇದು ಸಾಲದು, 1/500ರ ಆಸುಪಾಸು ಬೇಕು, ಅದಕ್ಕೆ ಹಗಲ ಬೆಳಕೇ ಸರಿ. ಹಾಗಂತ ಕೈ ಮಸುಕಾಗಿ ಬಂದರೂ ನನಗೆ ಇಷ್ಟವೇ. ಓಡುತ್ತಿರುವ ಕೈ ಹಾಗೇ ತಾನೇ ಕಾಣುವುದು?

ಬೇರೆ ಕ್ಯಾಮೆರಾ ಬಳಸುವವರು ಮಳೆಗಾಲದಲ್ಲಿ ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮಲೆನಾಡು, ಕರಾವಳಿಯ ತೇವಕ್ಕೆ ಲೆನ್ಸಿನೊಳಗೆ ಬೂಸ್ಟು ಬಹಳ ಬೇಗ ಹಿಡಿಯುತ್ತದೆ.

ಹೆಜ್ಜೆ 5: ಒಂದು ಸಾಲು ಬರೆದಿಡಿ

ಫೋಟೋ ಎಲ್ಲವನ್ನೂ ಹೇಳುವುದಿಲ್ಲ. ನನ್ನದೊಂದು ಫೋಟೋದಲ್ಲಿ ಖಾಲಿ ಬೋರ್ಡ್ ಇದೆ, ಪಕ್ಕದಲ್ಲಿ ಚಹಾ. ಯಾಕೆ ಖಾಲಿ? ಪುಸ್ತಕದಲ್ಲಿ ಆ ದಿನದ ಸಾಲು ಹೀಗಿದೆ: "ಹಾಳೆ ಇವತ್ತೂ ಒಣಗಲಿಲ್ಲ, ಮೂರನೇ ದಿನ." ಅಷ್ಟು ಓದಿದರೆ ಆ ವಾರದ ಮಳೆಯೆಲ್ಲ ಕಣ್ಣ ಮುಂದೆ ಬರುತ್ತದೆ.

ಸಾಲು ಚಿಕ್ಕದಿರಲಿ. ಬಳಸಿದ ಬಣ್ಣ, ಬಂದವರು, ಕೊಟ್ಟ ದುಡ್ಡು, ಕೇಳಿದ ಹಾಡು, ಏನಾದರೂ ಒಂದು. "ತುಂಬಾ ಒಳ್ಳೆಯ ದಿನ" ಅಂತ ಬರೆದರೆ ಮುಂದೆ ಓದಿದಾಗ ಏನೂ ತಿಳಿಯುವುದಿಲ್ಲ. "ಬೂದುಗೆ ನೀಲಿ ಜೊತೆ ಸ್ವಲ್ಪ ಇಟ್ಟಿಗೆ ಕೆಂಪು ಹಾಕಿದೆ, ಕೂಡಿಬಂತು" ಅಂತ ಬರೆದರೆ ಮುಂದೆ ಕೆಲಸಕ್ಕೆ ಬರುತ್ತದೆ. ನಾನು ಬ್ಯಾಂಕಿನವರು ಕೊಡುವ ಡೈರಿಯಲ್ಲಿ ಬರೆಯುತ್ತೇನೆ. ತಾರೀಕು ಅಚ್ಚಾಗಿಯೇ ಇರುತ್ತದೆ.

ಹೆಜ್ಜೆ 6: ತಪ್ಪಿದ ದಿನವನ್ನೂ ದಾಖಲಿಸಿ

ತಪ್ಪುತ್ತದೆ. ಮದುವೆ, ಜ್ವರ, ಸಾವು, ಸುಮ್ನೆ ಮರೆವು. ಹೆಚ್ಚಿನವರು ಬಿಡುವುದು ಆಗಲೇ. ಒಂದು ದಿನ ತಪ್ಪಿತು, ಇನ್ನೇಕೆ ಅಂತ.

ತೈವಾನಿನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಬಂದ ತೆಹ್‌ಚಿಂಗ್ ಶೇ ಎಂಬ ಕಲಾವಿದರ ಲೆಕ್ಕ ನನಗೆ ಇಲ್ಲಿ ನೆರವಾಗಿದೆ. 1980ರ ಏಪ್ರಿಲ್ 11ರಿಂದ ಒಂದು ವರ್ಷ, ಹಗಲೂ ರಾತ್ರಿಯೂ, ಗಂಟೆಗೊಮ್ಮೆ ಅವರು ಕಾರ್ಖಾನೆಯ ಹಾಜರಿ ಗಡಿಯಾರದಲ್ಲಿ ಕಾರ್ಡ್ ಒತ್ತಿದರು. ಪ್ರತಿ ಸಲವೂ ತಮ್ಮದೊಂದು ಫೋಟೋ ತೆಗೆದರು. ಶುರುವಿನಲ್ಲಿ ತಲೆ ಬೋಳಿಸಿದ್ದರು. ಫೋಟೋಗಳಲ್ಲಿ ಕೂದಲು ಬೆಳೆಯುತ್ತಾ ಹೋಗುವುದರಿಂದಲೇ ವರ್ಷ ಕಳೆದದ್ದು ಗೊತ್ತಾಗುತ್ತದೆ. ವರ್ಷಕ್ಕೆ 8760 ಗಂಟೆ. ಅದರಲ್ಲಿ 133 ತಪ್ಪಿದವು, ಬಹಳಷ್ಟು ನಿದ್ದೆಯಿಂದ. ಆ 133ನ್ನೂ ಯಾವುದು ಯಾಕೆ ತಪ್ಪಿತು ಅಂತ ವಿಂಗಡಿಸಿ ಕೆಲಸದ ಭಾಗವಾಗಿಯೇ ಇಟ್ಟರು.

ನೀವೂ ಹಾಗೇ ಮಾಡಿ. ತಪ್ಪಿದ ದಿನದ ಜಾಗ ಖಾಲಿ ಬಿಡಿ, ಡೈರಿಯಲ್ಲಿ ಕಾರಣ ಬರೆಯಿರಿ. ಮರುದಿನ ಎರಡು ತೆಗೆದು ಸರಿದೂಗಿಸಲು ಹೋಗಬೇಡಿ. 2021ರ ಮೇ ತಿಂಗಳಲ್ಲಿ ನನ್ನದು ಹನ್ನೊಂದು ದಿನ ಖಾಲಿ ಇದೆ. ಮನೆಯಲ್ಲಿ ಎಲ್ಲರಿಗೂ ಕೊರೋನಾ ಬಂದಿತ್ತು. ಆ ಹನ್ನೊಂದು ಖಾಲಿ ಚೌಕಗಳನ್ನು ನೋಡಿದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಹೆಜ್ಜೆ 7: ಜನರನ್ನು ಕೇಳಿ

ನಿಮ್ಮ ದಿನದಲ್ಲಿ ಬೇರೆಯವರೂ ಇರುತ್ತಾರೆ. ಕೇಳಿ ತೆಗೆಯಿರಿ. ನಿಮ್ಮ ಹತ್ತಿರ ಕಲಿಯುವ ಮಕ್ಕಳ ಫೋಟೋ ತೆಗೆಯುವ ಮುಂಚೆ ಅವರ ತಂದೆ ತಾಯಿಗೆ ಹೇಳಿ. ಒಪ್ಪದಿದ್ದರೆ ಮಗುವಿನ ಕೈ ಮತ್ತು ಹಾಳೆ ಸಾಕು, ಮುಖ ಬೇಡ. ಚೌಕಿಯಲ್ಲಿ, ವೇಷಭೂಷಣದ ಕೋಣೆಯಲ್ಲಿ ಜನ ಬಟ್ಟೆ ಬದಲಿಸುತ್ತಿರುತ್ತಾರೆ. ಅಲ್ಲಿ ಫೋನ್ ಎತ್ತುವ ಮುಂಚೆ ಗಟ್ಟಿಯಾಗಿ ಒಂದು ಮಾತು ಹೇಳುವುದು ಮರ್ಯಾದೆ.

ಈ ಫೋಟೋಗಳನ್ನು ದಿನಾ ಸ್ಟೇಟಸ್ಸಿಗೆ ಹಾಕಬೇಕಾ ಅಂತ ಕೇಳುತ್ತಾರೆ. ಮೊದಲ ಆರು ತಿಂಗಳು ಬೇಡ ಅನ್ನುತ್ತೇನೆ ನಾನು. ಹಾಕಲು ಶುರು ಮಾಡಿದರೆ ಯಾರು ನೋಡಿದರು, ಎಷ್ಟು ಲೈಕ್ ಬಂತು ಅಂತ ಮನಸ್ಸು ಆ ಕಡೆ ಹೋಗುತ್ತದೆ. ಆಮೇಲೆ ಚೆಲ್ಲಿದ ಬಣ್ಣದ, ಹರಿದ ಹಾಳೆಯ ಫೋಟೋ ತೆಗೆಯಲು ಕೈ ಬರುವುದಿಲ್ಲ. ಮೇಜನ್ನು ಚೊಕ್ಕಟ ಮಾಡಿ ತೆಗೆಯುತ್ತೀರಿ. ಅಲ್ಲಿಗೆ ಅದು ನಿಮ್ಮ ದಿನವಾಗಿ ಉಳಿಯುವುದಿಲ್ಲ.

ಹೆಜ್ಜೆ 8: ಕಳೆದುಹೋಗದಂತೆ ಇಡಿ

2022ರಲ್ಲಿ ನನ್ನ ಫೋನ್ ಕೆಟ್ಟಿತು. ರಿಪೇರಿಗೆ ಕೊಟ್ಟೆ. ವಾಪಸ್ ಬಂದಾಗ ಒಳಗೆ ಏನೂ ಇರಲಿಲ್ಲ. ನಾನು ಪ್ರತಿ ಇಟ್ಟುಕೊಳ್ಳದೆ 47 ದಿನ ಆಗಿತ್ತು. ಆ 47 ಫೋಟೋ ಹೋದವು. ಡೈರಿಯ ಸಾಲುಗಳಿದ್ದವು, ಅಷ್ಟು ಪುಣ್ಯ. ನಿಮಗೆ ಹಾಗಾಗಬಾರದು.

ಪ್ರತಿ ಭಾನುವಾರ ಆ ವಾರದ ಏಳು ಫೋಟೋಗಳನ್ನು ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಹಾಕಿ. ಇನ್ನೊಂದು ಪ್ರತಿ ಮನೆಯಿಂದ ಹೊರಗಿರಲಿ: ಗೂಗಲ್ ಡ್ರೈವ್ ಆಗಬಹುದು, ತಂಗಿಯ ಮನೆಯ ಹಾರ್ಡ್ ಡಿಸ್ಕ್ ಆಗಬಹುದು. ಲೆಕ್ಕ ದೊಡ್ಡದೇನಲ್ಲ. ಒಂದು ಫೋಟೋ 4 ಎಂಬಿ ಅಂದುಕೊಂಡರೂ ವರ್ಷಕ್ಕೆ ಸುಮಾರು ಒಂದೂವರೆ ಜಿಬಿ. ಗೂಗಲ್ ಖಾತೆಯಲ್ಲಿ ದುಡ್ಡಿಲ್ಲದೆ ಸಿಗುವ 15 ಜಿಬಿಯಲ್ಲಿ ಹತ್ತು ವರ್ಷ ಹಿಡಿಯುತ್ತದೆ. ಆದರೆ ಮೇಲ್‌ಗಳೂ ಅದೇ ಜಾಗ ತಿನ್ನುತ್ತವೆ, ಹಾಗಾಗಿ ಇದಕ್ಕೇ ಬೇರೆ ಖಾತೆ ಮಾಡಿಕೊಂಡರೆ ಒಳ್ಳೆಯದು.

ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಂಡು ಅದೇ ಪ್ರತಿ ಅಂದುಕೊಳ್ಳಬೇಡಿ. ಅದು ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ.

ಫೈಲಿನ ಹೆಸರು ವರ್ಷ, ತಿಂಗಳು, ದಿನ ಹೀಗೆ ಇರಲಿ: 2024-07-16. ದಿನ ಮೊದಲು ಬರೆದರೆ ಎಲ್ಲ ತಿಂಗಳ 1ನೇ ತಾರೀಕುಗಳೂ ಒಂದೆಡೆ ಸೇರಿ ಸಾಲು ಕಲಸಿಹೋಗುತ್ತದೆ. ವರ್ಷ ಮೊದಲಿದ್ದರೆ ತಾನಾಗಿ ಕ್ರಮದಲ್ಲಿ ನಿಲ್ಲುತ್ತದೆ.

ಹೆಜ್ಜೆ 9: ತಿಂಗಳಿಗೊಂದು ಹಾಳೆ

ಇದು ನನಗೆ ಬಹಳ ಇಷ್ಟದ ಕೆಲಸ. ತಿಂಗಳ ಕೊನೆಗೆ ಎಲ್ಲ ಫೋಟೋಗಳನ್ನು ಒಂದೇ ಎ4 ಹಾಳೆಯಲ್ಲಿ ಜೋಡಿಸಿ ಪ್ರಿಂಟ್ ಹಾಕಿಸುತ್ತೇನೆ. ಹಾಳೆ ಅಡ್ಡಡ್ಡ. ಕ್ಯಾಲೆಂಡರಿನ ಹಾಗೆ ಏಳು ಕಂಬ, ಭಾನುವಾರದಿಂದ ಶನಿವಾರ. ಐದು ಸಾಲು, ಕೆಲವು ತಿಂಗಳಲ್ಲಿ ಆರು. ಒಂದೊಂದು ಫೋಟೋ ಮೂರೂವರೆ ಸೆಂಟಿಮೀಟರಿನಷ್ಟು ಬರುತ್ತದೆ. ತಪ್ಪಿದ ದಿನ ಖಾಲಿ ಚೌಕ. ಜೋಡಿಸಲು ಕಂಪ್ಯೂಟರಿನಲ್ಲಿ ಒಂದು ಟೇಬಲ್ ಹಾಕಿದರೆ ಸಾಕು, ಇಲ್ಲವೇ ಝೆರಾಕ್ಸ್ ಅಂಗಡಿಯ ಹುಡುಗರೇ ಮಾಡಿಕೊಡುತ್ತಾರೆ. ಐಫೋನಿನವರು ಅದರ ಎಚ್‌ಇಐಸಿ ಬಗೆಯ ಫೋಟೋ ಫೈಲುಗಳನ್ನು ಸಾಮಾನ್ಯ ಜೆಪೆಗ್ ಬಗೆಗೆ ಬದಲಿಸಿಕೊಂಡು ಹೋಗಿ, ಕೆಲವು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ.

ಆ ಹಾಳೆಯನ್ನು ಗೋಡೆಗೆ ಅಂಟಿಸಿ ದೂರ ನಿಂತು ನೋಡಿ. ಬಿಡಿ ಫೋಟೋದಲ್ಲಿ ಕಾಣದ್ದು ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಹಾಳೆಗಳೆಲ್ಲ ಬೂದು ನೀಲಿ. ಮಾರ್ಚ್ ಬಂತೆಂದರೆ ಹಳದಿ. ಕಿಟಕಿಯ ಬೆಳಕು ಬದಲಾದದ್ದು ಅದು. ನನ್ನ ಚಿತ್ರಗಳ ಬಣ್ಣವೂ ಅದರ ಹಿಂದೆಯೇ ಹೋಗಿತ್ತು, ನನಗೆ ಗೊತ್ತೇ ಇರಲಿಲ್ಲ.

ಇನ್ನೊಂದು ಕಂಡದ್ದು ಶನಿವಾರದ ಕಂಬ. ಮೇಲಿಂದ ಕೆಳಗೆ ಒಂದೇ ಒಂದು ಬಣ್ಣದ ತಟ್ಟೆ ಇಲ್ಲ. ಸಂತೆ ಚೀಲ, ನೆಂಟರ ಚಪ್ಪಲಿ, ಇಸ್ತ್ರಿ ಬಟ್ಟೆಯ ರಾಶಿ. ಶನಿವಾರ ನನಗೆ ಶಾಲೆ ಅರ್ಧ ದಿನ, ಮಧ್ಯಾಹ್ನ ಚಿತ್ರ ಬರೆಯುತ್ತೇನೆ ಅಂತಲೇ ನಾನು ನಂಬಿದ್ದೆ. ಹಾಳೆ ತೋರಿಸಿ ಮನೆಯಲ್ಲಿ ಮಾತಾಡಿದೆ. ಗಂಡ ಸಂತೆಯ ಕೆಲಸ ತಾನು ತೆಗೆದುಕೊಂಡರು. ಈಗ ಶನಿವಾರ 3ರಿಂದ 5ರವರೆಗೆ ಹಿಂದಿನ ಕೋಣೆಯ ಬಾಗಿಲು ಹಾಕಿರುತ್ತದೆ. ಬರೀ ಬಾಯಿಮಾತಿನಲ್ಲಿ ಹೇಳಿದ್ದರೆ ಇದು ಆಗುತ್ತಿರಲಿಲ್ಲ.

ನೀವು ನೋಡುವಾಗ ಇಷ್ಟು ಕೇಳಿಕೊಳ್ಳಿ. ಯಾವ ವಾರ ಒಬ್ಬಳೇ ಇದ್ದೇನೆ? ಯಾವ ಬಣ್ಣ ಮತ್ತೆ ಮತ್ತೆ ಬರುತ್ತಿದೆ? ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವೆ ಎಷ್ಟು ಚೌಕ ಇವೆ, ಆ ಚೌಕಗಳಲ್ಲಿ ಏನಿದೆ? ನನ್ನದರಲ್ಲಿ ಸಾಮಾನ್ಯವಾಗಿ ಒಂಬತ್ತು ಹತ್ತು ದಿನ. ಮೊದಲೆಲ್ಲ ಅದನ್ನು ಸೋಮಾರಿತನ ಅಂದುಕೊಂಡು ಒದ್ದಾಡುತ್ತಿದ್ದೆ. ಹಾಳೆಗಳಲ್ಲಿ ನೋಡಿದರೆ ಆ ದಿನಗಳಲ್ಲೇ ನಾನು ಓಣಿಯಲ್ಲಿ, ಕೆರೆ ದಂಡೆಯಲ್ಲಿ, ಬಸ್ ನಿಲ್ದಾಣದಲ್ಲಿ ಜಾಸ್ತಿ ಇದ್ದೇನೆ. ಮುಂದಿನ ಚಿತ್ರ ಅಲ್ಲಿಂದಲೇ ಬಂದಿದೆ.

ಹೆಜ್ಜೆ 10: ಎಲ್ಲಿದೆ ಅಂತ ಒಬ್ಬರಿಗಾದರೂ ಹೇಳಿ

ಲಿವಿಂಗ್‌ಸ್ಟನ್ ತೀರಿಕೊಂಡ ಮೇಲೆ ಆ 6000 ಫೋಟೋಗಳನ್ನು ಉಳಿಸಿದವರು ಗೆಳೆಯರು. ಹ್ಯೂ ಕ್ರಾಫರ್ಡ್ ಮತ್ತು ಬೆಟ್ಸಿ ರೀಡ್ ಎಂಬ ಇಬ್ಬರು ಅವನ್ನೆಲ್ಲ ಪ್ರತಿ ಮಾಡಿ, 2007ರಲ್ಲಿ, ಎಲ್ಲ ಶುರುವಾದ ಅದೇ ಬಾರ್ಡ್ ಕಾಲೇಜಿನಲ್ಲಿ ಪ್ರದರ್ಶನಕ್ಕೆ ಇಟ್ಟರು. ಅವು ಎಲ್ಲಿವೆ, ಏನು ಅಂತ ಗೆಳೆಯರಿಗೆ ಗೊತ್ತಿದ್ದರಿಂದ ಇದು ಸಾಧ್ಯವಾಯಿತು. ನಮ್ಮ ಫೋಟೋಗಳು ಪಾಸ್‌ವರ್ಡ್‌ನ ಹಿಂದೆ ಇರುತ್ತವೆ. ನಾವಿಲ್ಲದಿದ್ದರೆ ಯಾರೂ ತೆರೆಯಲಾರರು.

ನಾನು ತಿಂಗಳ ಹಾಳೆಗಳನ್ನು ಒಂದು ಹಳೆಯ ಸೀರೆ ಡಬ್ಬಿಯಲ್ಲಿ, ಡೈರಿಗಳ ಜೊತೆ ಇಟ್ಟಿದ್ದೇನೆ. ಮುಚ್ಚಳದ ಒಳಗೆ ಖಾತೆಯ ಹೆಸರು, ಪಾಸ್‌ವರ್ಡ್, ಹಾರ್ಡ್ ಡಿಸ್ಕ್ ಯಾರ ಮನೆಯಲ್ಲಿದೆ ಅನ್ನುವುದು ಬರೆದ ಚೀಟಿ ಅಂಟಿಸಿದ್ದೇನೆ. ಡಬ್ಬಿ ಇರುವ ಜಾಗ ಮಗಳಿಗೆ ಗೊತ್ತು. ಪಾಸ್‌ವರ್ಡ್ ಬದಲಿಸಿದ ದಿನವೇ ಚೀಟಿಯನ್ನೂ ಬದಲಿಸುತ್ತೇನೆ. ಹೋದ ಸಲ ಬದಲಿಸಿದಾಗ ಆ ದಿನದ ಫೋಟೋ ಅದೇ ಆಯಿತು: ತೆರೆದ ಡಬ್ಬಿ, ಕತ್ತರಿ, ಅಂಟು, ಪಕ್ಕದಲ್ಲಿ ಮಗಳ ಕೈ.